ಕುಮಾರಪರ್ವತಾರೋಹಣ



ದಕ್ಷಿಣ ಕನ್ನಡ ಮತ್ತು ಕೊಡಗು ಸೀಮೆಗಳ ಗಡಿಯಲ್ಲಿ, ಪುಷ್ಪಗಿರಿಯೆಂದೂ ಪ್ರಸಿದ್ಧವಾದ ಕುಮಾರಪರ್ವತವು 1,712 ಮೀಟರು ಎತ್ತರವಾಗಿ ನಿಂತಿರುವದು. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು 1,500 ಮೀಟರಿಗೂ ಮಿಕ್ಕಿ ಏರಬೇಕಾಗುವದು.

ಮೊದಲು ದಟ್ಟಡವಿ, ಅಲ್ಲಿ ಮರದ ಬೇರುಗಳೇ ಸೋಪಾನಗಳು. ಮಳೆಯ ದಿನಗಳಲ್ಲಿ ಇಂಬಳಗಳ ಕಾಟವು ಹೇಳತೀರದು. ನಡುದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆಯು ಹಸಿದು ಬಂದವರಿಗೆ ಅನ್ನವಿಕ್ಕಿ ಹೆಸರಾಗಿರುವದು. ಮುಂದೆ ಬೋಳು ಹುಲ್ಲುಬೆಟ್ಟಗಳು; ನೆರಳೆಂಬುದಿಲ್ಲ. ಕಲ್ಲುಮಂಟಪವನ್ನು ದಾಟಿದವನು ಎದುರಿನ ಶೇಷಪರ್ವತವನ್ನೇ ತುದಿಯೆಂದು ಭ್ರಮಿಸುವನು. ಅದರ ನೆತ್ತಿಯಲ್ಲಿ ನಿಂತಾಗಲೇ ನಿಜವು ತಿಳಿಯುವದು: ಕುಮಾರಪರ್ವತವು ಇನ್ನೂ ಆಚೆಗಿದೆ. ನಡುವಣ ಕಾಡಿಗಿಳಿದು, ಬಂಡೆಯನ್ನು ಹತ್ತಿ, ಮತ್ತೆ ಏರಬೇಕು.

ಆರೋಹಿಯ ಪರೀಕ್ಷೆಯು ಇಲ್ಲಿಯೇ. ಹೊತ್ತು ಬಾಗಿದ್ದರೆ, ಮಂಜು ಮುಸುಕಿದ್ದರೆ, ಹೊತ್ತುತಂದ ನೀರು ತೀರಿದ್ದರೆ ಮಾಡತಕ್ಕುದೇನು? ಕಣ್ಣೆದುರಿನ ಶಿಖರವನ್ನು ಬಿಟ್ಟು ಹಿಂದಿರುಗುವದು ಅಪಮಾನವೆಂದು ಮನಸ್ಸು ಚುಚ್ಚುವದು. ಆದರೆ ಹತ್ತಿದಷ್ಟನ್ನೂ ಇಳಿಯಲೇಬೇಕಲ್ಲವೇ? ಬಳಲಿದ ಮೊಣಕಾಲು ಇಳಿತದಲ್ಲಿಯೇ ಕೈಕೊಡುವದು. ಇರುಳಿನ ಅಡವಿಯಲ್ಲಿ ದಾರಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ನಸುಕಿನಲ್ಲಿಯೇ ಹೊರಟು, ಹಿಂದಿರುಗುವ ವೇಳೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಆ ವೇಳೆ ಬಂದೊಡನೆ ತುದಿ ಕೈಗೆಟುಕುವಂತಿದ್ದರೂ ತಿರುಗುವವನೇ ಜಾಣನು. ಇಳಿಯುವದಕ್ಕೆ ಬಲವನ್ನೂ ಬೆಳಕನ್ನೂ ಉಳಿಸಿಕೊಂಡವನಿಗೆ ಮತ್ತೊಮ್ಮೆ ಏರುವ ಭಾಗ್ಯವುಂಟು. ಪರ್ವತವು ಎಲ್ಲಿಗೂ ಹೋಗದು.