ಆಗದೇ ಹೋದ ನಷ್ಟದ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಅಧ್ಯಕ್ಷರೇ, ವಿಮಾ ಕಂಪನಿಗಳ ಅಧಿಕಾರಿಗಳೇ, ಸರ್ವೇಯರ್ ಮಿತ್ರರೇ, ಮೀನುಗಾರಿಕಾ ಕಾಲೇಜಿನ ಅಧ್ಯಾಪಕರೇ, ದಕ್ಕೆಯ ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಬೋಟ್ ಮಾಲೀಕರೇ, ತಾಂಡೇಲರೇ,

ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಒಬ್ಬ ಮಾಲೀಕರು ಆಳಸಮುದ್ರ ಬೋಟಿಗೆ ವಿಮೆ ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ ಬೋಟಿನ ವಯಸ್ಸು. ಆಮೇಲೆ ಒಡಲು ಮರದ್ದೋ, ಉಕ್ಕಿನದೋ, ಫೈಬರಿನದೋ. ಇಂಜಿನ್ ಎಷ್ಟು ಅಶ್ವಶಕ್ತಿಯದು. ದಡದಿಂದ ಎಷ್ಟು ದೂರ ಹೋಗುತ್ತದೆ. ಹಿಂದೆ ಎಷ್ಟು ಕ್ಲೇಮು ಆಗಿದೆ. ಬೋಟು ಪೂರ್ತಿ ಹೋದರೆ ಮಾತ್ರ ಪರಿಹಾರ ಸಾಕೋ, ಸಣ್ಣಪುಟ್ಟ ಪೆಟ್ಟಿಗೂ ಬೇಕೋ. ನಷ್ಟದ ಮೊದಲ ಪಾಲು ಎಷ್ಟನ್ನು ಮಾಲೀಕರೇ ಹೊರುತ್ತಾರೆ. ಕಂತು ಏರುವುದೂ ಇಳಿಯುವುದೂ ಈ ಉತ್ತರಗಳ ಮೇಲೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಚುಕ್ಕಾಣಿ ಹಿಡಿಯುವ ತಾಂಡೇಲ ಎಂಥವರು, ಹವಾಮಾನದ ಎಚ್ಚರಿಕೆ ಬಂದಾಗ ಅವರು ಏನು ಮಾಡುತ್ತಾರೆ, ಆ ಬಂದರಿನ ಅಳಿವೆಯಲ್ಲಿ ಹೂಳು ಎಷ್ಟಿದೆ ಎಂಬುದಕ್ಕೆ ದರದಲ್ಲಿ ಸಿಗುವ ತೂಕ ತೀರಾ ಕಡಿಮೆ. ವಿಮೆಯ ದರ ಕಟ್ಟುವ ಶಾಸ್ತ್ರ ದಾರಿ ತಪ್ಪಿದ್ದು ಇಲ್ಲೇ.

ತಪ್ಪು ಹಳೆಯದು. ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯ ಸುತ್ತ ಬೆಳೆದ ವಿಮೆಗಾರರು 1764ರ ಹೊತ್ತಿಗೆ ಹಡಗುಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಒಡಲಿಗೆ ಎ, ಇ, ಐ, ಒ, ಯು ಎಂದು ಐದು ದರ್ಜೆ. ಹಡಗಿನ ಸಲಕರಣೆಗೆ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂದು ಮೂರು ದರ್ಜೆ. ಕಪ್ತಾನನ ಹೆಸರೂ ಪಟ್ಟಿಯಲ್ಲಿತ್ತು, ಅವನಿಗೆ ಮಾತ್ರ ದರ್ಜೆ ಇರಲಿಲ್ಲ. ಭಾರತದಲ್ಲಿ 2005ರವರೆಗೆ ಹಲ್ ವಿಮೆ, ಅಂದರೆ ಒಡಲಿನ ವಿಮೆ, ಟ್ಯಾರಿಫ್ ಎಂಬ ನಿಗದಿತ ದರದ ಪದ್ಧತಿಯಲ್ಲಿತ್ತು, ಕಂಪನಿಗಳ ಕೈ ಕಟ್ಟಿತ್ತು. ಆ ಕಟ್ಟು ಬಿಚ್ಚಿದ ಮೇಲೂ ನೋಟ ಮರ, ಕಬ್ಬಿಣಗಳನ್ನು ಬಿಟ್ಟು ಹೆಚ್ಚು ಆಚೆ ಹೋಗಲಿಲ್ಲ.

ಮೀನುಗಾರಿಕಾ ವಿಮೆಯ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2009ರಲ್ಲಿ ಹೊರತಂದ ಜಾಗತಿಕ ಸಮೀಕ್ಷೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಬರಹಗಳು ಈ ಸಭೆಗೆ ಪರಿಚಿತ. ಅವುಗಳ ಮೇಲೆ ಕೆಲಸ ಮಾಡಿದವರು ಇಲ್ಲೇ ಇದ್ದಾರೆ, ಮಧ್ಯಾಹ್ನ ಅವರೇ ಮಾತಾಡುತ್ತಾರೆ. ಅವರ ಶ್ರಮಕ್ಕೆ ಒಂದು ನಮಸ್ಕಾರ ಸಲ್ಲಿಸಿ ಮುಂದೆ ಹೋಗಬಹುದು.

ತಾಂಡೇಲರ ನಡೆಗೆ ದರದಲ್ಲಿ ತೂಕ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಕೆಯಲ್ಲಿ ಹಿರಿಯ ತಾಂಡೇಲರೊಬ್ಬರು ಹೇಳುವ ಪ್ರಸಂಗವೊಂದಿದೆ. ಒಂದು ಬೋಟಿನ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡು ಇಂಜಿನ್ ನಿಂತಿತು. ಗಾಳಿ ಜೋರಾಗಿತ್ತು. ವೈರ್‌ಲೆಸ್‌ನಲ್ಲಿ ಕೂಗು ಕೇಳಿದ ಇನ್ನೊಂದು ಬೋಟಿನವರು ಹಾಕಿದ್ದ ಬಲೆ ಎತ್ತಿ, ಹಗ್ಗ ಕೊಟ್ಟು, ರಾತ್ರಿಯಿಡೀ ಎಳೆದು ತಂದರು. ಡೀಸೆಲ್ ಹೋಯಿತು, ಐಸ್ ಕರಗಿತು, ಇದ್ದ ಮೀನು ಅರ್ಧ ಬೆಲೆಗೆ ಹೋಯಿತು. ಎಳೆದ ಭಾರಕ್ಕೆ ಗೇರ್‌ಬಾಕ್ಸ್ ಕೆಟ್ಟಿತು. ಉಳಿದುಕೊಂಡ ಬೋಟಿಗೆ ಕ್ಲೇಮೇ ಇಲ್ಲ, ಅದರ ದಾಖಲೆ ಸ್ವಚ್ಛ. ಉಳಿಸಿದ ಬೋಟು ಗೇರ್‌ಬಾಕ್ಸಿಗೆ ಕ್ಲೇಮು ಹಾಕಿತು, ಮರುವರ್ಷ ಅದರ ಕಂತು ಏರಿತು.

ಇದಕ್ಕೆ ಪಾಲಿಸಿಯ ಷರತ್ತುಗಳನ್ನು ದೂರುವಂತಿಲ್ಲ. ಲೋಕದಲ್ಲೆಲ್ಲ ಚಾಲ್ತಿಯಲ್ಲಿರುವ 1983ರ ಲಂಡನ್ ಹಲ್ ಷರತ್ತುಗಳು, ಮೊದಲೇ ಕರಾರು ಮಾಡಿಕೊಂಡು ಎಳೆಯುವ ಕೆಲಸಕ್ಕೆ ಇಳಿಯಬಾರದು ಎನ್ನುತ್ತವೆಯೇ ಹೊರತು ಸಂಕಟದಲ್ಲಿದ್ದವರಿಗೆ ನೆರವಾಗುವುದನ್ನು ತಡೆಯುವುದಿಲ್ಲ. ಕಡಲಿನಲ್ಲಿ ಆಸ್ತಿ ಉಳಿಸಿಕೊಟ್ಟವರಿಗೆ ಸಂಭಾವನೆ ಕೇಳುವ ಹಕ್ಕನ್ನೂ ಕಾನೂನು ಕೊಟ್ಟಿದೆ. ದಕ್ಕೆಯಲ್ಲಿ ಅದನ್ನು ಕೇಳುವವರು ಅಪರೂಪ. ನಾಳೆ ತಮ್ಮ ಬೋಟಿಗೂ ಅದೇ ಗತಿ ಬರಬಹುದು ಎಂದು ಎಲ್ಲರಿಗೂ ಗೊತ್ತು. ಹೀಗೆ ಕಂಪನಿಗೆ ಲಕ್ಷಾಂತರ ರೂಪಾಯಿ ಉಳಿಸಿದ ಕೆಲಸ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಆಗದೇ ಹೋದ ನಷ್ಟಕ್ಕೆ ಬೆಲೆ ಕಟ್ಟುವುದು ಸಾಧ್ಯವೇ? ದೊಡ್ಡ ಹಡಗುಗಳ ಲೋಕ ಒಮ್ಮೆ ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಯಿತು. 1978ರ ಮಾರ್ಚಿನಲ್ಲಿ ಅಮೊಕೊ ಕಾಡಿಜ್ ಎಂಬ ತೈಲದ ಹಡಗಿನ ಚುಕ್ಕಾಣಿ ಕೆಟ್ಟಿತು. ಎಳೆಯುವ ಟಗ್ಗಿನೊಂದಿಗೆ ಕರಾರಿನ ಚೌಕಾಸಿ ನಡೆಯಿತು. ಕೊನೆಗೆ ಹಡಗು ಫ್ರಾನ್ಸಿನ ಬ್ರಿಟನಿ ಕರಾವಳಿಯ ಬಂಡೆಗೆ ಬಡಿದು 2 ಲಕ್ಷ ಟನ್ನಿಗೂ ಮಿಕ್ಕಿ ಕಚ್ಚಾ ತೈಲ ಕಡಲು ಸೇರಿತು. ಹಡಗು ಉಳಿದರೆ ಮಾತ್ರ ದುಡ್ಡು ಎಂಬ ಹಳೆಯ ನಿಯಮ ಸಾಲದು ಎಂದು ಅರಿವಾಗಿ, 1989ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಹೊಸ ವಿಧಿ ಬಂತು: ಹಡಗು ಮುಳುಗಿದರೂ ಸರಿ, ಪರಿಸರದ ಹಾನಿ ತಪ್ಪಿಸಲು ದುಡಿದವರಿಗೆ ವಿಶೇಷ ಪರಿಹಾರ. ಅಲ್ಲಿ ಸಾಧ್ಯವಾದದ್ದು ಟ್ರಾಲ್‌ಬೋಟುಗಳ ನಡುವೆ ಯಾಕೆ ಅಸಾಧ್ಯ?

ಕಂತು ದುಬಾರಿಯಾಗಲು ಬೇರೆ ಕಾರಣಗಳೂ ಇವೆ. ಬಹುಪಾಲು ವಿಮೆ ಬ್ಯಾಂಕ್ ಸಾಲದ ಬೆನ್ನಿಗೆ ಬರುವಂಥದ್ದು. ಸಾಲ ತೀರಿದ ಮೇಲೆ ಪಾಲಿಸಿಯೂ ನಿಲ್ಲುತ್ತದೆ, ಕಂತು ಕಟ್ಟುವವರ ಗುಂಪು ಸಣ್ಣದಾಗುತ್ತದೆ, ಉಳಿದವರ ಮೇಲೆ ಹೊರೆ ಬೀಳುತ್ತದೆ. ದೂರದ ಬಿರುಗಾಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ವಿಮಾ ಕಂಪನಿಗಳು ತಮಗೆ ಮಾಡಿಸಿಕೊಳ್ಳುವ ಮರುವಿಮೆಯ ಮಾರುಕಟ್ಟೆ ಇಡೀ ಜಗತ್ತಿನದು. ಬೋಟು ನಿಂತ ಕಾಲದ ಲೆಕ್ಕವೂ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ದೊಡ್ಡ ಹಡಗು ಕೆಲಸವಿಲ್ಲದೆ ಬಂದರಿನಲ್ಲಿ ನಿಂತ ಕಾಲಕ್ಕೆ ಕಂತಿನ ಒಂದಂಶ ಹಿಂದಿರುಗಿಸುವ ರೂಢಿಯಿದೆ. ನಮ್ಮ ಬೋಟುಗಳ ದರ ಈ ಎರಡು ತಿಂಗಳನ್ನು ಎಷ್ಟರಮಟ್ಟಿಗೆ ಮನ್ನಿಸುತ್ತಿದೆ ಎಂಬುದನ್ನು ಕಂಪನಿಯವರು ಇಂದೇ, ಇಲ್ಲೇ ಬಿಡಿಸಿ ಹೇಳಬೇಕು.

ನಿಂತ ಬೋಟಿಗೆ ಅಪಾಯವೇ ಇಲ್ಲ ಎಂದಲ್ಲ. 2023ರ ನವೆಂಬರಿನಲ್ಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಒಂದೇ ರಾತ್ರಿ ಸುಮಾರು 40 ಬೋಟುಗಳು ಬೆಂಕಿಗೆ ತುತ್ತಾದವು. ಅದೇ ತಿಂಗಳು ಗಂಗೊಳ್ಳಿಯಲ್ಲೂ ಬೋಟುಗಳು ಸುಟ್ಟವು. ಆಂಧ್ರ ಸರ್ಕಾರ ಬೋಟಿನ ಬೆಲೆಯ ಶೇ. 80ರಷ್ಟು ಪರಿಹಾರ ಘೋಷಿಸಿತು. ಬೋಟು ಕಳೆದುಕೊಂಡ ಕುಟುಂಬಗಳಿಗೆ ಅದು ಬೇಕೇ ಬೇಕಿತ್ತು. ಆದರೆ ಬೆಂಕಿ ಹರಡಿದ್ದು ಮಗ್ಗುಲಿಗೆ ಮಗ್ಗುಲು ತಾಗಿಸಿ ಕಟ್ಟಿದ ಬೋಟುಗಳ ಮೇಲಿಂದ. ಅಲ್ಲಿ ಒಬ್ಬೊಬ್ಬರ ಬೋಟಿನ ವಯಸ್ಸು ಹಿಡಿದು ದರ ನಿಗದಿ ಮಾಡಿ ಉಪಯೋಗವೇನು? ಅಪಾಯ ಇಡೀ ಬಂದರಿನದು.

ಜಪಾನ್ ಇದನ್ನು ಬೇಗ ಕಂಡುಕೊಂಡಿತು. 1937ರಲ್ಲಿ ಮೀನುಗಾರಿಕಾ ದೋಣಿಗಳ ವಿಮೆಗೆಂದೇ ಕಾನೂನು ಮಾಡಿ, 1952ರಲ್ಲಿ ಅದನ್ನು ಹೊಸ ಕಾಯಿದೆಯಾಗಿ ಬಲಪಡಿಸಿತು. ಮೀನುಗಾರರದೇ ಪರಸ್ಪರ ವಿಮಾ ಸಂಘಗಳು, ಬೆನ್ನಿಗೆ ಸರ್ಕಾರದ ಮರುವಿಮೆ, ಸಣ್ಣ ದೋಣಿಗಳ ಕಂತಿಗೆ ಸಹಾಯಧನ. ಸಂಘದೊಳಗೆ ಯಾರು ಎಚ್ಚರದಿಂದ ನಡೆಸುತ್ತಾರೆ, ಯಾರು ಹಗ್ಗ ಕೊಟ್ಟರು ಎಂಬುದು ದೂರದ ಕಚೇರಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ದೂರದ ಕಚೇರಿಯ ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟವೂ ಇದೆ. ಮಲ್ಪೆಯ ಸುವರ್ಣ ತ್ರಿಭುಜ ಬೋಟು 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲಡಿಯಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಸುದ್ದಿಯಿಲ್ಲದ ಹಡಗನ್ನು ಯುಕ್ತ ಕಾಲ ಕಳೆದ ಮೇಲೆ ಪೂರ್ಣ ನಷ್ಟವೆಂದು ಭಾವಿಸಬಹುದು ಎನ್ನುತ್ತದೆ 1963ರ ಸಮುದ್ರ ವಿಮಾ ಕಾಯಿದೆ. ಆ ಏಳು ಮನೆಗಳಲ್ಲಿ ಆ ತಿಂಗಳುಗಳು ಹೇಗೆ ಕಳೆದವು ಎಂದು ದರ ನಿಗದಿ ಮಾಡುವ ಪ್ರತಿಯೊಬ್ಬರೂ ಒಮ್ಮೆ ನೆನೆಯಬೇಕು.

2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಬೋಟುಗಳಿಗೆ, ಬೋಟು ಎಲ್ಲಿದೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಯಾವ ಬೋಟು ಎಲ್ಲಿ ನಿಂತಿತು, ಯಾವುದು ಅದರ ಬಳಿಗೆ ಹೋಯಿತು, ಎರಡೂ ಜೊತೆಯಾಗಿ ಎಷ್ಟು ಗಂಟೆ ನಿಧಾನವಾಗಿ ದಡದತ್ತ ಬಂದವು ಎಂಬುದಕ್ಕೆ ಇನ್ನು ಸಾಕ್ಷಿ ಸಿಗಬಹುದು. ಆ ಸಾಕ್ಷಿಯನ್ನು ಇಟ್ಟುಕೊಳ್ಳುವವರು ಸಹಕಾರ ಸಂಘವೋ, ಮೀನುಗಾರಿಕಾ ಇಲಾಖೆಯೋ? ಎಳೆದು ತಂದ ಬೋಟಿನ ಕಂತಿನಲ್ಲಿ ಕಡಿತ ಯಾರು ಕೊಡಬೇಕು, ಅದರ ಕಂಪನಿಯೋ, ಉಳಿದ ಬೋಟಿನ ಕಂಪನಿಯೋ? ಕ್ಲೇಮು ಹಾಕಿದ ಗೇರ್‌ಬಾಕ್ಸನ್ನು ದಾಖಲೆಯಲ್ಲಿ ಹೇಗೆ ಬರೆಯಬೇಕು? ಹಿಂದಿನ ಸಾಲಿನಲ್ಲಿರುವ ತಾಂಡೇಲರನ್ನು ಮುಂದೆ ಕೂರಿಸಿಕೊಂಡು, ಮೊದಲ ಗೋಷ್ಠಿ ಈ ಮೂರು ಪ್ರಶ್ನೆಗಳಿಂದಲೇ ಶುರುವಾಗಲಿ ಎಂದು ಅಧ್ಯಕ್ಷರಲ್ಲಿ ವಿನಂತಿ.