ಮೆನುವಿನಲ್ಲಿ ಜಾಗ ಸಾಲದಿದ್ದರೆ ಕನ್ನಡವನ್ನು ಅಳಿಸಬೇಡಿ

(ಕಾಸರಗೋಡಿನ ಕನ್ನಡ ಸಂಘ, ಗ್ರಂಥಾಲಯ, ಶಾಲೆಗಳ ವೆಬ್‌ಸೈಟ್ ನೋಡಿಕೊಳ್ಳುವವರ ಜೊತೆ ನಾವು ಆಡಿದ ಮಾತುಗಳ ಬರಹ ರೂಪ)



ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡ್ತೇವೆ. ನಮ್ಮ ಸಂಘಕ್ಕೆ ವೆಬ್‌ಸೈಟ್ ಮಾಡುವಾಗ ವರ್ಡ್‌ಪ್ರೆಸ್‌ನಲ್ಲಿ ಪುಕ್ಕಟೆ ಸಿಗುವ ಒಂದು ಟೆಂಪ್ಲೇಟ್ ಹಾಕಿದೆವು. ನೋಡ್ಲಿಕ್ಕೆ ಚಂದ ಇತ್ತು. ಮೆನುವಿನಲ್ಲಿ ‘ಮುಖಪುಟ, ನಮ್ಮ ಬಗ್ಗೆ, ಕಾರ್ಯಕ್ರಮಗಳು, ಪ್ರಕಟಣೆಗಳು, ಚಿತ್ರಸಂಪುಟ, ಸಂಪರ್ಕಿಸಿ’ ಎಂದು ಬರೆದದ್ದೇ ತಡ, ಸಾಲು ಮುರಿದು ಎರಡಾಯಿತು, ಕೆಳಗಿನ ಸಾಲು ಲೋಗೋದ ಮೇಲೆ ಹತ್ತಿ ಕೂತಿತು. ಕೆಲಸ ಮಾಡಿಕೊಡುತ್ತಿದ್ದ ಹುಡುಗ ಸುಲಭದ ದಾರಿ ಹಿಡಿದ. ಹೋಮ್, ಅಬೌಟ್, ಇವೆಂಟ್ಸ್ ಎಂದು ಇಂಗ್ಲಿಷಿನಲ್ಲೇ ಹಾಕಿಬಿಟ್ಟ. ಸಾಲು ಸರಿ ಕೂತಿತು. ನಾವೂ ಸುಮ್ಮನಾದೆವು.

ಎರಡು ದಿನ ಕಳೆದು ನಿವೃತ್ತ ಮಾಷ್ಟ್ರೊಬ್ಬರ ಫೋನ್. “ಅಲ್ಲ ಮಾರಾಯ್ರೆ, ಒಳಗೆಲ್ಲ ಕನ್ನಡ ಉಂಟು, ಬಾಗಿಲಲ್ಲಿ ಯಾಕೆ ಇಲ್ಲ? ಕಚೇರಿ ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ಎಷ್ಟು ಸಲ ಮನವಿ ಕೊಟ್ಟವರು ನಾವು?” ನಮಗೆ ಉತ್ತರ ಹೊಳೆಯಲಿಲ್ಲ. ಬೋರ್ಡು ಬೇರೆಯವರದ್ದಾದರೆ ಮನವಿ ಕೊಡಬಹುದು. ಇದು ನಮ್ಮದೇ ಬೋರ್ಡು.

ಟೆಂಪ್ಲೇಟ್ ಅಂದರೆ ಬೇರೆಯವರ ಅಳತೆಗೆ ಹೊಲಿದ ಅಂಗಿ. ಹೊಲಿದವರ ಕಣ್ಣೆದುರು ಇದ್ದದ್ದು ನಾಲ್ಕೈದು ಅಕ್ಷರದ ಇಂಗ್ಲಿಷ್ ಪದಗಳು. ನಮ್ಮ ‘ಕಾರ್ಯಕ್ರಮಗಳು’ ಅದರಲ್ಲಿ ಹಿಡಿಯದಿದ್ದರೆ ಅಂಗಿಯನ್ನು ಬಿಚ್ಚಿ ಹೊಲೀಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಡ. ನಮಗೆ ಒಂದು ಭಾನುವಾರ ಸಾಕಾಯಿತು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಕೆಳಗೆ ಹೆಚ್ಚು ಜಾಗ ಬೇಡ, ಹಾಗಾಗಿ ತುಂಬಾ ಟೆಂಪ್ಲೇಟ್‌ಗಳು ಮೆನುವಿನ ಸಾಲಿನ ಎತ್ತರವನ್ನು, ಲೈನ್ ಹೈಟ್ ಅಂತಾರಲ್ಲ, ಅದನ್ನು 1 ಅಥವಾ 1.2ಕ್ಕೆ ಬಿಗಿ ಮಾಡಿರುತ್ತವೆ. ನಮ್ಮಲ್ಲಿ ಪ್ರ, ಕ್ರ, ಸ್ಥ ಎಲ್ಲ ಕೆಳಗೆ ಇಳಿಯುವಂಥವು. ಪಟ್ಟಿಯ ಅಂಚಿನಲ್ಲಿ ಅವು ಕತ್ತರಿಸಿ ಹೋದರೆ ‘ಪ್ರಕಟಣೆ’ ಓದುವವರಿಗೆ ‘ಪಕಟಣೆ’ ಆಗ್ತದೆ. ನಾವು ಅದನ್ನು 1.6ಕ್ಕೆ ಏರಿಸಿದೆವು, ಪಟ್ಟಿಯ ಎತ್ತರವನ್ನು ಸ್ವಲ್ಪ ಸಡಿಲ ಬಿಟ್ಟೆವು. ಇನ್ನೊಂದು, ಅಕ್ಷರಗಳ ನಡುವಿನ ಅಂತರ, ಲೆಟರ್ ಸ್ಪೇಸಿಂಗ್. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಅದು ಒಪ್ಪುತ್ತದೆ. ಕನ್ನಡದಲ್ಲಿ ಒಂದೇ ಪದ ನಾಲ್ಕು ತುಂಡಾದ ಹಾಗೆ ಕಾಣ್ತದೆ. ಸೊನ್ನೆ ಮಾಡಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲವಲ್ಲ, ಹಾಗಾಗಿ ಮೆನು ಎದ್ದು ಕಾಣಬೇಕಾದರೆ ಅಕ್ಷರವನ್ನು ಸ್ವಲ್ಪ ದಪ್ಪ ಮಾಡಿದರೆ ಆಯಿತು.

ಫಾಂಟ್ ವಿಷಯ. ಟೆಂಪ್ಲೇಟ್ ಜೊತೆ ಬರುವ ರೊಬೋಟೊ, ಮಾಂಟ್ಸೆರಾಟ್ ಇವುಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಆಗ ನೋಡುವವರ ಯಂತ್ರದಲ್ಲಿ ಎಂತ ಉಂಟೋ ಅದು ಬರ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ. ಅಗಲ ಒಂದೊಂದರಲ್ಲಿ ಒಂದೊಂದು. ನಿಮ್ಮ ಕಂಪ್ಯೂಟರಿನಲ್ಲಿ ಸರಿ ಕೂತ ಮೆನು ಅಧ್ಯಕ್ಷರ ಲ್ಯಾಪ್‌ಟಾಪಿನಲ್ಲಿ ಮುರಿಯುವುದು ಇದಕ್ಕೇ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಪುಕ್ಕಟೆ ಸಿಗುತ್ತವೆ; ಒಂದನ್ನು ನೀವೇ ಗೊತ್ತುಮಾಡಿ ಸೇರಿಸಿಬಿಡಿ.

ಈ ಬದಲಾವಣೆಗಳನ್ನು ಟೆಂಪ್ಲೇಟಿನ ಮೂಲ ಕಡತದಲ್ಲಿ ಮಾತ್ರ ಮಾಡಬೇಡಿ. ನಾವು ಮಾಡಿದ್ದೆವು. ಒಂದು ಅಪ್‌ಡೇಟ್ ಬಂತು, ಭಾನುವಾರದ ಕೆಲಸ ಪೂರ್ತಿ ಅಳಿಸಿಹೋಯಿತು. ಹೆಚ್ಚುವರಿ ಸಿಎಸ್‌ಎಸ್ ಬರೆಯಲಿಕ್ಕೆ ಬೇರೆಯೇ ಜಾಗ ಉಂಟು, ಇಲ್ಲವಾದರೆ ಚೈಲ್ಡ್ ಥೀಮ್ ಮಾಡಿಕೊಳ್ಳಬಹುದು.

ಇನ್ನು ಲೋಗೋ. ಇದರಲ್ಲಿ ತಂತ್ರಜ್ಞಾನಕ್ಕಿಂತ ಸಮಿತಿಯ ಜಗಳವೇ ಜಾಸ್ತಿ. ನಮ್ಮ ಲೋಗೋದಲ್ಲಿ ಯಕ್ಷಗಾನದ ಕಿರೀಟ, ದೀಪ, ತೆರೆದ ಪುಸ್ತಕ, ತೆಂಗಿನಮರ, ಸುತ್ತ ವೃತ್ತದಲ್ಲಿ ಸಂಘದ ಹೆಸರು, ಕೆಳಗೆ ಸ್ಥಾಪನೆಯಾದ ವರ್ಷ! ಬ್ಯಾನರಿನಲ್ಲಿ ಗಂಭೀರವಾಗಿ ಕಾಣುವ ಇದು ಮೊಬೈಲಿನ ತಲೆಪಟ್ಟಿಯಲ್ಲಿ 40 ಪಿಕ್ಸೆಲ್ ಎತ್ತರಕ್ಕೆ ಇಳಿದಾಗ ಕುಂಕುಮದ ಬೊಟ್ಟಿನ ಹಾಗೆ. ಮೂರು ಸಭೆ ನಡೆದ ಮೇಲೆ ಒಪ್ಪಿಗೆಯಾದದ್ದು ಇಷ್ಟು: ಪೂರ್ಣ ಲೋಗೋ ಬ್ಯಾನರಿಗೆ ಇರಲಿ, ಸೈಟಿಗೆ ಕಿರೀಟ ಒಂದೇ ಸಾಕು, ಪಕ್ಕದಲ್ಲಿ ಸಂಘದ ಹೆಸರನ್ನು ಯುನಿಕೋಡ್ ಅಕ್ಷರದಲ್ಲೇ ಬರೆಯುವುದು. ಹೆಸರನ್ನು ಚಿತ್ರದೊಳಗೆ ಸೇರಿಸಿದರೆ ಅದು ಕಾಪಿಯೂ ಆಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಚಿತ್ರಕ್ಕೆ ಪರ್ಯಾಯ ಪಠ್ಯ ಕೊಡದಿದ್ದರೆ ಏನೂ ಸಿಗುವುದಿಲ್ಲ. ಸೈಟಿನ ಭಾಷೆ ಸೆಟ್ಟಿಂಗ್‌ನಲ್ಲಿ ‘ಕನ್ನಡ’ ಅಂತಲೇ ಇರಲಿ. ಅದು ಇಂಗ್ಲಿಷ್ ಆಗಿ ಉಳಿದರೆ ಆ ರೀಡರ್ ನಮ್ಮ ಕನ್ನಡಕ್ಕೆ ಇಂಗ್ಲಿಷ್ ದನಿ ಕೊಡಲಿಕ್ಕೆ ಹೊರಡಬಹುದು.

ಲೋಗೋ ಎಲ್ಲಿ ಇಡಬೇಕು? ಹಿರಿಯರು ಆಮಂತ್ರಣ ಪತ್ರಿಕೆಯ ಹಾಗೆ ನಟ್ಟನಡುವೆ ಬೇಕು ಅಂದರು. ನಾವು ಎಡಮೂಲೆ ಅಂದೆವು. 2016ರಲ್ಲಿ ನೀಲ್ಸನ್ ನಾರ್ಮನ್ ಗ್ರೂಪ್‌ನವರು ಪರೀಕ್ಷೆ ಮಾಡಿ ನೋಡಿದ್ದಾರೆ: ಲೋಗೋ ಎಡಕ್ಕಿದ್ದಾಗಿಗಿಂತ ನಡುವೆ ಇದ್ದಾಗ ಮುಖಪುಟಕ್ಕೆ ಮರಳುವುದು ಜನರಿಗೆ ಸುಮಾರು 6 ಪಟ್ಟು ಕಷ್ಟವಾಯಿತಂತೆ. ಲೋಗೋ ಎಡಕ್ಕೆ ಹೋದರೆ ಬಲಗಡೆ ಮೆನುವಿಗೆ ಜಾಗವೂ ಆಗ್ತದೆ. ಅಲ್ಲೂ ಹಿಡಿಯದಿದ್ದರೆ ಲೋಗೋ ಮೇಲೆ, ಮೆನುವಿಗೆ ಕೆಳಗೆ ಪೂರ್ತಿ ಒಂದು ಸಾಲು ಕೊಡಿ. ಈಗಿನ ಬ್ಲಾಕ್ ಥೀಮ್‌ಗಳಲ್ಲಿ ಇದನ್ನು ಎಳೆದು ಕೂರಿಸಿದರೆ ಸಾಕು.

ಮೆನುವಿನಲ್ಲಿ ಯಾವುದು ಮೊದಲು ಬರಬೇಕು ಎಂಬುದಕ್ಕೆ ನಾವು ಹೆಚ್ಚು ತಲೆ ಕೆಡಿಸಿಕೊಂಡೆವು. ಶಾಲೆಯ ಸೈಟನ್ನೇ ತೆಗೆದುಕೊಳ್ಳಿ. ಕೊಲ್ಲಿಯಲ್ಲಿ ದುಡಿಯುವ ಒಬ್ಬ ತಂದೆ ರಾತ್ರಿ ಮೊಬೈಲ್ ಹಿಡಿದು, ಮಗಳನ್ನು ಊರಿನ ಕನ್ನಡ ಮಾಧ್ಯಮಕ್ಕೆ ಸೇರಿಸುವುದು ಹೇಗೆ ಅಂತ ನೋಡ್ತಾನೆ. ನಮ್ಮ ಮೆನುವಿನಲ್ಲಿ ಅವನಿಗೆ ಸಿಗುವುದು ಎಂತ? ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಯ ಸಂದೇಶ, ಸುವರ್ಣ ಮಹೋತ್ಸವದ ಫೋಟೋ. ‘ಪ್ರವೇಶ’ ಎಂಬುದು ‘ಇತರೆ’ಯ ಒಳಗೆ, ಅದರ ಒಳಗಿನ ಇನ್ನೊಂದು ಪಟ್ಟಿಯಲ್ಲಿ. ಅವನು ಹುಡುಕಿ ಸುಸ್ತಾಗಿ ಬೇರೆ ಶಾಲೆಯ ಸೈಟಿಗೆ ಹೋಗ್ತಾನೆ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗ್ತದೆ, ಡಿವಿಜನ್ ಜೊತೆ ಅಧ್ಯಾಪಕರ ಹುದ್ದೆ. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ‘ಮುಖಪುಟ’ ಆದ ಕೂಡಲೇ ‘ಪ್ರವೇಶ’ ಇರಲಿ. ಅಧ್ಯಕ್ಷರು ಬೇಸರ ಮಾಡಿಕೊಂಡರೆ ನಮ್ಮ ಹೆಸರು ಹೇಳಿ.

ಮೊಬೈಲಿನಲ್ಲಿ ಬರುವ ಆ ಮೂರು ಗೆರೆ ಎಷ್ಟೋ ಹಿರಿಯರಿಗೆ ಅರ್ಥವಾಗುವುದಿಲ್ಲ, ಅದರ ಬದಲು ‘ಮೆನು’ ಎಂಬ ಪದವೇ ಕಾಣುವಂತೆ ಮಾಡಬಹುದು. ಮಲಯಾಳಂ ಪುಟವೂ ಇದ್ದರೆ, ಮಲಯಾಳಂ ಎಂಬುದನ್ನು ಅದರ ಲಿಪಿಯಲ್ಲೇ, ಕನ್ನಡ ಎಂಬುದನ್ನು ಕನ್ನಡದಲ್ಲೇ ಬರೆದು ಮೇಲೆಯೇ ಇಡಿ. ಭಾಷೆಗೆ ಧ್ವಜದ ಚಿತ್ರ ಹಾಕುವ ಟೆಂಪ್ಲೇಟ್‌ಗಳುಂಟು. ನಮಗೆ ಎರಡಕ್ಕೂ ಒಂದೇ ಧ್ವಜ, ಏನು ಉಪಯೋಗ?

ವಿಳಾಸದ ಕೊನೆಗೆ ಬರುವ ಪದದ ಬಗ್ಗೆ ಮಾತ್ರ ನಾವು ಕನ್ನಡದ ಹಟ ಬಿಟ್ಟೆವು. ‘ಸಂಪರ್ಕ’ ಅಂತ ಕನ್ನಡದಲ್ಲೇ ಕೊಟ್ಟರೆ, ವಾಟ್ಸಾಪಿಗೆ ಕಾಪಿ ಮಾಡುವಾಗ ಅದು ಶೇಕಡಾ ಚಿಹ್ನೆಗಳ 54 ಅಕ್ಷರದ ಬಾಲವಾಗಿ ಬರುವುದುಂಟು. ಅದನ್ನು ಕಂಡು ಕೆಲವರು ವೈರಸ್ ಅಂತ ಹೆದರಿದರು! ಅಲ್ಲಿ ರೋಮನ್ ಲಿಪಿಯ ಚಿಕ್ಕ ಪದ ಇರಲಿ, ಕಣ್ಣಿಗೆ ಕಾಣುವ ಮೆನುವಿನಲ್ಲಿ ಕನ್ನಡ ಇರಲಿ. ಇದನ್ನು ಒಪ್ಪದವರು ನಮ್ಮಲ್ಲೇ ಇಬ್ಬರಿದ್ದಾರೆ, ಅವರೂ ಇಲ್ಲಿ ಕೂತಿದ್ದಾರೆ.

ಈಗ ಎಲ್ಲರೂ ನಿಮ್ಮ ನಿಮ್ಮ ಮೊಬೈಲ್ ತೆಗೆಯಿರಿ. ನಿಮ್ಮ ಸಂಸ್ಥೆಯ ಸೈಟ್ ತೆರೆದು ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ‘ಪ್ರವೇಶ’ವೋ ‘ಸಂಪರ್ಕ’ವೋ ಹುಡುಕಿಕೊಡಿ ಅಂತ ಹೇಳಿ. ನೀವು ಬಾಯಿ ಬಿಡಬೇಡಿ, ಸುಮ್ಮನೆ ನೋಡಿ. ಅವರು ಎಲ್ಲಿ ತಡವರಿಸಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಚಹಾ ಆದಮೇಲೆ ಆ ಚೀಟಿ ಹಿಡಿದುಕೊಂಡೇ ಕೂರುವ.