ಎಳೆಯ ಮೂಲವನ್ನು ಕೇಳುವ ಪಾಠ



ವಸ್ತ್ರದ ನಾರುಗಳ ಪಾಠವು ಸಾಮಾನ್ಯವಾಗಿ ಕರಿಹಲಗೆಯ ನಡುವೆ ಎಳೆದ ಒಂದು ಗೆರೆಯಿಂದ ಆರಂಭವಾಗುತ್ತದೆ. ಎಡಗಡೆಗೆ ನೈಸರ್ಗಿಕ ನಾರುಗಳು: ಹತ್ತಿ, ಸೆಣಬು, ಉಣ್ಣೆ, ರೇಷ್ಮೆ. ಬಲಗಡೆಗೆ ಮಾನವನಿರ್ಮಿತ ನಾರುಗಳು: ರೇಯಾನ್, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್. ಮಕ್ಕಳು ಪಟ್ಟಿಯನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಮೈಮೇಲಿರುವ ಅಂಗಿ ಯಾವ ನಾರಿನದು ಎಂದು ಕೇಳಿದರೆ ಅದೇ ಮಕ್ಕಳು ನಿರುತ್ತರರಾಗುತ್ತಾರೆ. ದೋಷವಿರುವುದು ಮಕ್ಕಳಲ್ಲಲ್ಲ, ಆ ಒಂದೇ ಗೆರೆಯಲ್ಲಿ.

ಮೊದಲು ಪದಗಳು ಸ್ಪಷ್ಟವಾಗಬೇಕು. ನಾರು ಅಥವಾ ಎಳೆ ಎಂಬುದು ಬಟ್ಟೆಯ ಅತಿ ಸೂಕ್ಷ್ಮವಾದ ಘಟಕ. ಎಳೆಗಳನ್ನು ಹೊಸೆದರೆ ನೂಲು. ನೂಲನ್ನು ಹಾಸುಹೊಕ್ಕಾಗಿ ನೇಯ್ದರೆ ಬಟ್ಟೆ. ಗಡಿನಾಡಿನ ಶಿಕ್ಷಕರಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಕನ್ನಡದ ನೂಲು ತೆಲುಗಿನಲ್ಲಿಯೂ ನೂಲು. ತಮಿಳು, ಮಲಯಾಳಗಳಲ್ಲಿ ನೂಲ್. ಕನ್ನಡದ ಹತ್ತಿಯು ತೆಲುಗಿನಲ್ಲಿ ಪತ್ತಿ, ತಮಿಳು ಮಲಯಾಳಗಳಲ್ಲಿ ಪರುತ್ತಿ. ಹಳಗನ್ನಡದ ಪಾಲು ಹಾಲಾದಂತೆ, ಪತ್ತು ಹತ್ತಾದಂತೆ, ಈ ಪದದ ಪಕಾರವೂ ಹಕಾರವಾಗಿದೆ. ಮರಾಠಿಯ ಕಾಪೂಸ್ ಸಂಸ್ಕೃತದ ಕಾರ್ಪಾಸದಿಂದ ಬಂದುದು. ಬೀದಿಯಲ್ಲಿ ಕೇಳಿದ ಪದವನ್ನು ಮಗುವು ತರಗತಿಗೆ ತಂದರೆ ಅದನ್ನು ತಪ್ಪೆಂದು ತಿದ್ದುವ ಬದಲು ಕನ್ನಡ ಪದದ ಪಕ್ಕದಲ್ಲಿ ಬರೆಯಿಸುವುದು ಉಚಿತ. ಆಗ ವಿಜ್ಞಾನದ ಪಾಠವೇ ಭಾಷೆಯ ಪಾಠವೂ ಆಗುತ್ತದೆ.

ನೈಸರ್ಗಿಕ ನಾರುಗಳಲ್ಲಿ ಎರಡು ಕುಲಗಳುಂಟು. ಸಸ್ಯದಿಂದ ಬರುವ ನಾರು ಮುಖ್ಯವಾಗಿ ಸೆಲ್ಯುಲೋಸ್ ಎಂಬ ಪದಾರ್ಥದಿಂದಾದುದು. ಹತ್ತಿಯು ಬೀಜದ ಮೇಲಿನ ರೋಮ. ಸೆಣಬು ಕಾಂಡದ ತೊಗಟೆಯ ನಾರು. ತೆಂಗಿನ ನಾರು ಕಾಯಿಯ ಸಿಪ್ಪೆಯದು. ಪ್ರಾಣಿಯಿಂದ ಬರುವ ನಾರು ಪ್ರೋಟೀನಿನದು. ಉಣ್ಣೆಯಲ್ಲಿರುವುದು ಕೆರಾಟಿನ್, ಅಂದರೆ ಮನುಷ್ಯನ ಕೂದಲಿನಲ್ಲಿಯೂ ಉಗುರಿನಲ್ಲಿಯೂ ಇರುವ ಪದಾರ್ಥ, ರೇಷ್ಮೆಯಲ್ಲಿರುವುದು ಫೈಬ್ರಾಯಿನ್. ಉದಾಹರಣೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಆದವಾನಿಯ ಮಕ್ಕಳಿಗೆ ಹತ್ತಿಯ ಮಾರುಕಟ್ಟೆಯೂ, ಹೊಸೂರಿನ ಮಕ್ಕಳಿಗೆ ರೇಷ್ಮೆಗೂಡೂ, ಕಾಸರಗೋಡಿನ ಮಕ್ಕಳಿಗೆ ತೆಂಗಿನ ನಾರೂ, ಸೊಲ್ಲಾಪುರದ ಮಕ್ಕಳಿಗೆ ಊರಿನ ಹೆಸರನ್ನೇ ಹೊತ್ತ ಚಾದರವೂ ಕಣ್ಣೆದುರಿಗಿವೆ.

ಗೆರೆಯ ಬಲಬದಿಯಲ್ಲಿಯೇ ಗೊಂದಲ ಹುಟ್ಟುವುದು. ರೇಷ್ಮೆಹುಳು ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಬೇಕೆಂಬ ಹಂಬಲ ಹಳೆಯದು. ಫ್ರಾನ್ಸಿನ ಶಾರ್ಡೊನೆ ಎಂಬಾತನು ತಯಾರಿಸಿದ ಕೃತಕ ರೇಷ್ಮೆಯು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರ ಗಮನ ಸೆಳೆಯಿತು. ಆದರೆ ಅದು ಸುಲಭವಾಗಿ ಬೆಂಕಿ ಹತ್ತುವಂಥದಾಗಿತ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬವರು ವಿಸ್ಕೋಸ್ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಈ ವಿಧಾನದಲ್ಲಿ ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಸಂಸ್ಕರಿಸಿ ಜೇನಿನಂತಹ ಮಂದ ದ್ರವವಾಗಿಸುತ್ತಾರೆ. ಅದನ್ನು ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲದೊಳಕ್ಕೆ ಒತ್ತಿದಾಗ ಅದು ಮತ್ತೆ ಸೆಲ್ಯುಲೋಸ್ ಆಗಿ, ಎಳೆಯಾಗಿ ಹೊರಬರುತ್ತದೆ. ಇದೇ ರೇಯಾನ್. ಪದಾರ್ಥವು ಮರದ್ದು, ಎಳೆಯ ರೂಪವು ಕಾರ್ಖಾನೆಯದು. ಕರ್ನಾಟಕದ ಹರಿಹರದ ಬಳಿ ಇಂತಹ ತಿರುಳನ್ನು ನೀಲಗಿರಿ ಮರದಿಂದ ತಯಾರಿಸುತ್ತಾರೆ. ಆ ಮರಕ್ಕೆ ಕನ್ನಡದಲ್ಲಿ ಹೆಸರು ಕೊಟ್ಟ ಬೆಟ್ಟಗಳ ಮಕ್ಕಳು, ಮರವೂ ಅಂಗಿಯಾಗಬಲ್ಲದು ಎಂದು ಕೇಳಿದರೆ ಬೆರಗಾಗದಿರರು. ಆದರೆ ಸಸ್ಯಮೂಲದ್ದು ಎಂಬುದರಿಂದ ಎಲ್ಲವೂ ನಿರಪಾಯವೆಂದು ಹೇಳಲಾಗದು. ಕಾರ್ಬನ್ ಡೈಸಲ್ಫೈಡ್ ವಿಷಕಾರಿ ಪದಾರ್ಥ.

ನೈಲಾನಿನ ಕಥೆ ಬೇರೆ. 1935ರಲ್ಲಿ ಅಮೆರಿಕದ ಕೆರೋದರ್ಸ್ ಮತ್ತು ಸಂಗಡಿಗರು ಸಣ್ಣ ಅಣುಗಳನ್ನು ಸರಪಳಿಯಂತೆ ಜೋಡಿಸಿ ಅದನ್ನು ತಯಾರಿಸಿದರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. ಅದರ ಮಾರಾಟದ ಹೆಸರು ಟೆರಿಲಿನ್; ಅದು ಹತ್ತಿಯೊಡನೆ ಬೆರೆತಾಗ ಟೆರಿಕಾಟ್. ಇಂತಹ ಎಳೆಗಳೇ ಸಂಶ್ಲೇಷಿತ ಎಳೆಗಳು. ಇವುಗಳ ಮೂಲ ಇಂದು ಬಹುಮಟ್ಟಿಗೆ ಪೆಟ್ರೋಲಿಯಂ. ಇವು ಬೇಗ ಒಣಗುತ್ತವೆ, ಸುಕ್ಕುಗಟ್ಟುವುದು ಕಡಿಮೆ, ಬಾಳಿಕೆ ಹೆಚ್ಚು. ಆದರೆ ಬೆವರನ್ನು ಹೀರಲಾರವು, ಮಣ್ಣಿನಲ್ಲಿ ಬೇಗ ಕೊಳೆಯಲಾರವು.

ಆದ್ದರಿಂದ ಒಂದು ಗೆರೆಯ ಬದಲು ಎರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಬಹುದು. ಪದಾರ್ಥವು ಎಲ್ಲಿಂದ ಬಂತು? ಅದಕ್ಕೆ ಎಳೆಯ ರೂಪ ಬಂದುದು ಎಲ್ಲಿ? ಹತ್ತಿಗೆ ಎರಡು ಉತ್ತರಗಳೂ ಗಿಡ. ರೇಷ್ಮೆಗೆ ಎರಡೂ ಹುಳು. ರೇಯಾನಿಗೆ ಮರ ಮತ್ತು ಕಾರ್ಖಾನೆ. ಪಾಲಿಯೆಸ್ಟರಿಗೆ ಪೆಟ್ರೋಲಿಯಂ ಮತ್ತು ಕಾರ್ಖಾನೆ. ಹೀಗೆ ಕೇಳಿದಾಗ ರೇಯಾನ್ ತನ್ನ ನಿಜವಾದ ಸ್ಥಾನದಲ್ಲಿ, ನಡುವೆ, ನಿಲ್ಲುತ್ತದೆ.

ಇದನ್ನು ಪ್ರಯೋಗದಿಂದ ತೋರಿಸಬಹುದು. ದರ್ಜಿಯ ಅಂಗಡಿಯ ಚೂರುಬಟ್ಟೆಗಳಿಂದ ಒಂದೊಂದು ನೂಲನ್ನು ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರು ತುಂಬಿದ ತಟ್ಟೆಯ ಮೇಲೆ ಜ್ವಾಲೆಗೆ ತಾಗಿಸಬೇಕು. ಕಿಟಕಿಗಳು ತೆರೆದಿರಲಿ. ಬೆಂಕಿಯ ಕೆಲಸ ಶಿಕ್ಷಕರದು; ಮಕ್ಕಳದು ನೋಡಿ ಬರೆಯುವ ಕೆಲಸ. ಹತ್ತಿಯು ಬೇಗ ಉರಿದು, ಕಾಗದ ಸುಟ್ಟ ವಾಸನೆ ಬಂದು, ಹಗುರವಾದ ಬೂದಿ ಉಳಿಯುತ್ತದೆ. ಉಣ್ಣೆ ಮತ್ತು ರೇಷ್ಮೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬೀರುತ್ತವೆ. ಪಾಲಿಯೆಸ್ಟರ್ ಮತ್ತು ನೈಲಾನ್ ಜ್ವಾಲೆಯಿಂದ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತವೆ. ರೇಯಾನ್ ಹತ್ತಿಯಂತೆಯೇ ಉರಿಯುತ್ತದೆ, ಏಕೆಂದರೆ ಎರಡೂ ಸೆಲ್ಯುಲೋಸ್. ಹಾಗಾದರೆ ಅವೆರಡನ್ನು ಬೇರ್ಪಡಿಸುವುದು ಹೇಗೆ? ನೂಲನ್ನು ನೀರಿನಲ್ಲಿ ನೆನೆಸಿ ಎಳೆದು ನೋಡುವುದು ಒಂದು ಉಪಾಯ: ನೆನೆದ ಹತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ, ನೆನೆದ ವಿಸ್ಕೋಸ್ ರೇಯಾನ್ ದುರ್ಬಲವಾಗುತ್ತದೆ. ಈ ಪರೀಕ್ಷೆಯನ್ನು ಮಕ್ಕಳೇ ಮಾಡಬಹುದು.

ಈ ಪಾಠದ ಫಲ ಅಂಕಪಟ್ಟಿಗೆ ಮಾತ್ರ ಸೀಮಿತವಲ್ಲ. ಕರಗುವ ಬಟ್ಟೆಯು ಮೈಗೆ ಅಂಟಿಕೊಂಡು ಆಳವಾದ ಸುಟ್ಟಗಾಯ ಮಾಡುತ್ತದೆ. ಹತ್ತಿಯೂ ಬೆಂಕಿಗೆ ಹೊರತಲ್ಲ. ಸಡಿಲವಾದ ಸೆರಗು ಯಾವ ನಾರಿನದಾದರೂ ಒಲೆಯ ಬಳಿ ಅಪಾಯವೇ. ಒಲೆಯ ಮುಂದೆ ಕುಳಿತ ತಾಯಿಗೆ, ದೀಪಾವಳಿಯಲ್ಲಿ ಪಟಾಕಿ ಹಚ್ಚುವ ತಮ್ಮನಿಗೆ, ಈ ಮಾತನ್ನು ಮನೆಯ ಭಾಷೆಯಲ್ಲಿ ತಿಳಿಸಬಲ್ಲುದು ಶಾಲೆಗೆ ಹೋಗುವ ಮಗುವೇ. ಆ ಮಗುವಿಗೆ ಅದನ್ನು ಕನ್ನಡದಲ್ಲಿ ಕಲಿಸಿದ ಶಿಕ್ಷಕರ ಶ್ರಮ ಆ ಮನೆಯಲ್ಲಿ ಸಾರ್ಥಕವಾಗುತ್ತದೆ.